ಹೊಳಪಿನ ಲೆಕ್ಕ ಬರೆದ ಫಾಂಗ್

ಗ್ರಾಫಿಕ್ಸ್ ಲ್ಯಾಬ್‌ನಾಗ ಟೇಬಲ್ ಮ್ಯಾಲಿನ ಟೀಪಾಟ್ ಬಿಡಿಸೋ ಪ್ರೋಗ್ರಾಂ ಎಲ್ಲಾರಿಗೂ ನೆನಪಿರ್ತದ. ಅದರಾಗ ಶೈನಿನೆಸ್ ಅಂತ ಒಂದು ಸಂಖ್ಯೆ ಕೊಡಬೇಕು. ನಾವೆಲ್ಲ 50 ಅಂತ ಟೈಪ್ ಮಾಡಿ, ವೈವಾದಾಗ ಅದು ಹೊಳಪು ಅಂತ ಹೇಳಿ ಪಾರಾದವರೇ. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಇದ್ದ. ಹೆಸರು ಬೂಯಿ ತೂಂಗ್ ಫಾಂಗ್.

ಫಾಂಗ್ ಹುಟ್ಟಿದ್ದು 1942ರಲ್ಲಿ, ವಿಯೆಟ್ನಾಂನ ಹನೋಯ್‌ನಲ್ಲಿ. 1954ರಲ್ಲಿ ದೇಶ ಎರಡಾದಾಗ ಮನೆಯವರ ಜೊತೆ ಸೈಗಾನ್‌ಗೆ ಬಂದ. 1964ರಲ್ಲಿ ಓದಲು ಫ್ರಾನ್ಸ್‌ಗೆ ಹೋಗಿ, ಗ್ರೆನೋಬಲ್ ಹಾಗೂ ತುಲೂಸ್‌ನಲ್ಲಿ ಕಲಿತು 1968ರಲ್ಲಿ ಎಂಜಿನಿಯರ್ ಆದ. ಅಲ್ಲಿನ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸೇರಿದಾಗ ಆತನ ಕೆಲಸ ಆಪರೇಟಿಂಗ್ ಸಿಸ್ಟಮ್‌ಗಳ ಮೇಲಿತ್ತು, ಚಿತ್ರಗಳ ಮೇಲಲ್ಲ. 1971ರಲ್ಲಿ ಪಿಎಚ್‌ಡಿಗಾಗಿ ಅಮೆರಿಕದ ಉಟಾ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ದಾರಿ ಬದಲಾಯಿತು.

ಆಗ ಉಟಾ ಅಂದ್ರ ಗ್ರಾಫಿಕ್ಸ್‌ನ ತವರುಮನೆ. ಐವನ್ ಸದರ್‌ಲ್ಯಾಂಡ್ ಅಲ್ಲಿ ಪಾಠ ಮಾಡುತ್ತಿದ್ದರು. ಅವರ ಮನೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೇಲೆ ವಿದ್ಯಾರ್ಥಿಗಳು ಗೆರೆ ಎಳೆದು, ಅಳತೆ ತೆಗೆದು, ಕಂಪ್ಯೂಟರ್‌ಗೆ ತುಂಬಿಸಿದರು. ನಮ್ಮ ಟೀಪಾಟ್ ಕೂಡ 1975ರಲ್ಲಿ ಅಲ್ಲೇ, ಮಾರ್ಟಿನ್ ನ್ಯೂವೆಲ್ ಕೈಯಿಂದ ಬಂದದ್ದು.

ಸಮಸ್ಯೆ ಇಷ್ಟೇ. ಕಂಪ್ಯೂಟರ್‌ನಲ್ಲಿ ದುಂಡಗಿನ ವಸ್ತು ಅಂದರೆ ಚಪ್ಪಟೆ ತುಂಡುಗಳ ಜೋಡಣೆ. ಅದೇ ವಿಶ್ವವಿದ್ಯಾಲಯದ ಆನ್ರಿ ಗೂರೋ 1971ರಲ್ಲಿ ಒಂದು ಉಪಾಯ ತೋರಿಸಿದ್ದ: ಪ್ರತಿ ತುಂಡಿನ ಮೂಲೆಗಳಲ್ಲಿ ಬಣ್ಣ ಲೆಕ್ಕ ಹಾಕು, ನಡುವೆ ಕಲಸು. ಚೆನ್ನಾಗೇ ಕಾಣುತ್ತಿತ್ತು. ಆದರೆ ಹೊಳಪಿನ ಚುಕ್ಕೆ ತುಂಡಿನ ನಡುವೆ ಬಿದ್ದರೆ ಮಾಯವಾಗುತ್ತಿತ್ತು, ಯಾಕಂದ್ರ ಮೂಲೆಗೆ ಅದರ ಸುದ್ದಿಯೇ ಗೊತ್ತಿಲ್ಲ. ಫಾಂಗ್ ಬಣ್ಣ ಕಲಸುವುದನ್ನು ಬಿಟ್ಟು, ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನೋ ದಿಕ್ಕನ್ನು ಕಲಸಿದ. ಆಮೇಲೆ ಬೆಳಕಿನ ಲೆಕ್ಕವನ್ನು ಚುಕ್ಕೆ ಚುಕ್ಕೆಗೂ ಮಾಡಿದ.

ಆ ಬೆಳಕಿನ ಲೆಕ್ಕ ತಿಳಿಯಬೇಕಂದ್ರ ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಬಿಸಿಲಿಗೆ ಹಿಡೀರಿ. ತಲಿ ಆಕಡೆ ಈಕಡೆ ಅಲ್ಲಾಡಿಸಿದ್ರ ಸಿಪ್ಪೆಯ ಕೆಂಪು ಇದ್ದಲ್ಲೇ ಇರ್ತದ, ಮ್ಯಾಲಿನ ಹೊಳಪು ಮಾತ್ರ ಸರೀತದ. ಆ ಹೊಳಪು ಕೆಂಪಗಿರಂಗಿಲ್ಲ, ಬಿಸಿಲಿನ ಬಣ್ಣದ್ದೇ ಇರ್ತದ. ಫಾಂಗ್ ಈ ಎರಡನ್ನೂ ಬೇರೆ ಬೇರೆ ಪದಗಳಾಗಿ ಬರೆದು ಕೂಡಿಸಿದ. ಹೊಳಪಿನ ಪದಕ್ಕೆ ಒಂದು ಘಾತ ಇಟ್ಟ. ಘಾತ ದೊಡ್ಡದಾದಷ್ಟೂ ಹೊಳಪು ಸ್ಟೀಲ್ ಚೆಂಬಿನಂಗ ಸಣ್ಣಗೆ, ಚುರುಕಾಗಿ. ಸಣ್ಣದಾದರೆ ಹಣ್ಣಿನ ಸಿಪ್ಪೆಯಂಗ ಹರಡಿ. ನಮ್ಮ 50 ಅಂದ್ರ ಆ ಘಾತವೇ. ಇದು ಬೆಳಕಿನ ಭೌತಶಾಸ್ತ್ರ ಅಲ್ಲ, ಕಣ್ಣು ಒಪ್ಪುವ ಅಂದಾಜು. ನನ್ನ ಮಟ್ಟಿಗೆ ಅದರ ಸೊಗಸೇ ಅದು.

ಬೆಲೆ ಮಾತ್ರ ಭಾರಿ. 1973ರಲ್ಲಿ ಈ ಕೆಲಸಕ್ಕೆ ಬೇರೆ ಚಿಪ್ ಎಲ್ಲಿತ್ತು? ಎಲ್ಲಾ ಸಾಫ್ಟ್‌ವೇರ್‌ನಲ್ಲೇ. ಅದರ ಕಷ್ಟ ನಮಗೆ ತಿಳಿದದ್ದು ಪ್ರಾಜೆಕ್ಟ್ ಡೆಮೋದ ಹಿಂದಿನ ದಿನ. ಓಪನ್‌ಜಿಎಲ್‌ನ ಹಳೇ ಫಂಕ್ಷನ್‌ಗಳು ಗೂರೋ ಪದ್ಧತಿಯವು, ಅದಕ್ಕ ನಾವು ಫಾಂಗ್ ಶೇಡರ್ ಬರ್ದಿದ್ವಿ. ಕಲಬುರಗಿಯಿಂದ ಹುಮನಾಬಾದ್ ಬಸ್ ಹತ್ತಿ ಕಮಲಾಪುರದ ಗೆಳೆಯನ ಮನಿಗೆ ಹೋದ್ರ, ಅವನ ಲಿನಕ್ಸ್ ಲ್ಯಾಪ್‌ಟಾಪ್‌ನಾಗ ಟೀಪಾಟ್ ಎತ್ತಿನಗಾಡಿ ಗಾಲಿಯಂಗ ತಿರುಗ್ತಿತ್ತು. ಫ್ಯಾನ್ ಒಂದೇ ಸಮ ಹೊಡ್ಕೋತಿತ್ತು. ಕೋಡ್ ಮೂರು ಸಲ ಓದಿದ್ವಿ. ತಪ್ಪಿಲ್ಲ.

ಜಿಎಲ್ಎಕ್ಸ್‌ಇನ್ಫೋ ಓಡಿಸಿದಾಗ ರೆಂಡರರ್ ಸಾಲಿನಾಗ ಎಲ್‌ಎಲ್‌ವಿಎಂಪೈಪ್ ಅಂತ ಬಂತು. ಅಂದ್ರ ಗ್ರಾಫಿಕ್ಸ್ ಚಿಪ್ ಸುಮ್ನ ಕೂತದ, ಲೆಕ್ಕ ಎಲ್ಲಾ ಸಿಪಿಯು ಮಾಡ್ಲಿಕತ್ತದ. 1366 ಗುಣಿಸು 768ರ ಪರದೆ ಅಂದ್ರ 10 ಲಕ್ಷಕ್ಕೂ ಹೆಚ್ಚು ಚುಕ್ಕೆ, ಸೆಕೆಂಡಿಗೆ 60 ಸಲ. ಎಲ್‌ಎಸ್‌ಪಿಸಿಐಗೆ ಕೆ ಆಯ್ಕೆ ಕೊಟ್ಟು ನೋಡಿದ್ರ ಇಂಟೆಲ್ ಚಿಪ್‌ಗೂ ಎನ್‌ವಿಡಿಯಾಗೂ ಬಳಕೆಯಲ್ಲಿರೋ ಡ್ರೈವರ್ ಅನ್ನೋ ಸಾಲೇ ಇಲ್ಲ. ಆವಾಗ ಗೆಳೆಯ ಬಾಯಿಬಿಟ್ಟ: ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಗಿತ್ತಂತ ಗ್ರಬ್‌ನಾಗ ನೋಮೋಡ್‌ಸೆಟ್ ಸೇರಿಸಿ, ತೆಗೆಯೋದು ಮರ್ತಿದ್ದ. ಮೊದಲು ಎನ್‌ವಿಡಿಯಾ ಡ್ರೈವರ್ ಹಾಕಿ, ಸೆಕ್ಯೂರ್ ಬೂಟ್ ಇದ್ದದ್ದಕ್ಕ ರೀಬೂಟ್‌ನಾಗ ಬರೋ ನೀಲಿ ಪರದೆಯಲ್ಲಿ ಕೀ ನೋಂದಾಯಿಸಿದ್ವಿ (ಅದನ್ನ ಬಿಟ್ರ ಮಾಡ್ಯೂಲ್ ಲೋಡೇ ಆಗಂಗಿಲ್ಲ). ಆಮೇಲೆ ಗ್ರಬ್ ಕಡತದಿಂದ ನೋಮೋಡ್‌ಸೆಟ್ ಅಳಿಸಿ, ಅಪ್‌ಡೇಟ್-ಗ್ರಬ್ ಕೊಟ್ಟು ಮತ್ತ ಶುರು ಮಾಡಿದ್ವಿ. ರೆಂಡರರ್ ಸಾಲಿನಾಗ ಇಂಟೆಲ್ ಹೆಸರು ಬಂತು. ಟೀಪಾಟ್ ಬುಗುರಿಯಂಗ ತಿರುಗ್ತು, ಹೊಳಪು ಇದ್ದಲ್ಲೇ ನಿಂತಿತ್ತು.

ಡ್ರೈವರ್ ಇಲ್ಲದ ಆ ಒಂದು ಸಂಜೆಯ ಸ್ಥಿತಿ ಫಾಂಗ್‌ಗೆ ದಿನಾ ಇತ್ತು. ಜೊತೆಗೆ ಇನ್ನೊಂದು ಇತ್ತು: ಲ್ಯುಕೇಮಿಯಾ. ತನಗೆ ಬಹಳ ದಿನ ಉಳಿದಿಲ್ಲ ಅಂತ ವಿದ್ಯಾರ್ಥಿಯಾಗಿದ್ದಾಗಲೇ ಆತನಿಗೆ ಗೊತ್ತಿತ್ತು. ಎರಡೇ ವರ್ಷದಲ್ಲಿ, 1973ಕ್ಕೆ, ಪ್ರಬಂಧ ಮುಗಿಸಿದ. ಸ್ವಲ್ಪ ಕಾಲ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡಿದ. ಪ್ರಬಂಧದ ತಿರುಳು 1975ರ ಜೂನ್‌ನಲ್ಲಿ ಲೇಖನವಾಗಿ ಅಚ್ಚಾಯಿತು. ಅದೇ ವರ್ಷ ಆತ ತೀರಿಕೊಂಡ, ವಯಸ್ಸು 32.

1977ರಲ್ಲಿ ಜಿಮ್ ಬ್ಲಿನ್ ಆ ಸೂತ್ರವನ್ನು ತುಸು ತಿದ್ದಿದ. ಲ್ಯಾಬ್ ಟೀಪಾಟ್ ಬಳಸುವುದು ಆ ತಿದ್ದಿದ್ದನ್ನು. ಇನ್ನು ಹೆಸರಿನ ವಿಷಯ. ವಿಯೆಟ್ನಾಂನಲ್ಲಿ ಮನೆತನದ ಹೆಸರು ಮೊದಲು ಬರ್ತದ, ಅಂದ್ರ ಬೂಯಿ ಅಡ್ಡಹೆಸರು, ಕೊನೆಗಿರೋದು ಸ್ವಂತ ಹೆಸರು. ಜಗತ್ತು ಅದನ್ನ ತಿರುವುಮುರುವು ತಿಳ್ಕೊಂಡು ಫಾಂಗ್ ಅಂತ ಪುಸ್ತಕದಾಗ ಹಾಕಿತು. ಫಾರ್ಮ್ ತುಂಬುವಾಗ ಅಡ್ಡಹೆಸರು ಎಲ್ಲಿ, ಅಪ್ಪನ ಹೆಸರು ಎಲ್ಲಿ ಅಂತ ಒದ್ದಾಡೋ ನಮ್ಮ ಕಡಿ ಮಂದಿಗೆ ಇದು ಹೊಸದಲ್ಲ. ಹಂಗಾಗಿ ನಮ್ಮ ಶೇಡರ್ ಕಡತದ ಮ್ಯಾಲಿರೋದು ಮನೆಯವರು ಅವನನ್ನ ಕರೀತಿದ್ದ ಹೆಸರೇ.