ಡಾ. ಎಸ್.ಆರ್. ರಾವ್: ಭಾರತೀಯ ಸಾಗರ ಪುರಾತತ್ತ್ವದ ಪ್ರವರ್ತಕರು

ಭಾರತದಲ್ಲಿ ಸಾಗರ ಪುರಾತತ್ತ್ವಕ್ಕೆ ಬುನಾದಿ ಹಾಕಿದವರಲ್ಲಿ ಕನ್ನಡಿಗರಾದ ಡಾ. ಶಿಕಾರಿಪುರ ರಂಗನಾಥ ರಾವ್ ಅವರು ಅಗ್ರಗಣ್ಯರು. ಶ್ರೀಯುತರು 1922ರ ಜುಲೈ 1ರಂದು ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಸೇವೆ ಸಲ್ಲಿಸಿ, ತರುವಾಯ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಸೇರಿದರು.

ಲೋಥಲ್ ಉತ್ಖನನ

1954ರಲ್ಲಿ ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ಸಂಸ್ಕೃತಿಯ ನೆಲೆಯೊಂದನ್ನು ಗುರುತಿಸಿದ ರಾವ್ ಅವರು ಮರುವರ್ಷದಿಂದ ಅಲ್ಲಿ ಉತ್ಖನನ ಕೈಗೊಂಡರು. ಸುಮಾರು 220 ಮೀಟರ್ ಉದ್ದ ಹಾಗೂ 37 ಮೀಟರ್ ಅಗಲದ, ಸುಟ್ಟ ಇಟ್ಟಿಗೆಯ ಗೋಡೆಗಳುಳ್ಳ ಜಲಾಶಯವನ್ನು ಹಡಗುಕಟ್ಟೆಯೆಂದು ಅವರು ಪ್ರತಿಪಾದಿಸಿದರು. ಅದು ಕೇವಲ ನೀರಾವರಿ ಕೆರೆಯೆಂದು ಕೆಲವು ವಿದ್ವಾಂಸರು ವಾದಿಸಿದರು. ಆದರೆ ಅಲ್ಲಿ ದೊರೆತ ಪರ್ಷಿಯನ್ ಕೊಲ್ಲಿ ಮಾದರಿಯ ಮುದ್ರೆಯು ಲೋಥಲ್‌ನ ಕಡಲ ವ್ಯಾಪಾರಕ್ಕೆ ಸಾಕ್ಷಿಯಾಯಿತು.

ಕಡಲಾಳದ ಶೋಧ

ಅನ್ಯರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ರಾವ್ ಅವರು ಹೊಸ ಕ್ಷೇತ್ರವನ್ನು ಆರಿಸಿಕೊಂಡರು. ನಿವೃತ್ತಿಯ ನಂತರ, 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವ ಘಟಕವನ್ನು ಕಟ್ಟುವ ಹೊಣೆ ಹೊತ್ತರು. 1983ರಿಂದ ಅವರ ನೇತೃತ್ವದಲ್ಲಿ ದ್ವಾರಕೆಯ ಸಮುದ್ರದಲ್ಲಿ ನಡೆದ ಶೋಧದಲ್ಲಿ ಕಲ್ಲಿನ ಕಟ್ಟಡಗಳ ಅವಶೇಷಗಳು ಹಾಗೂ ಮೂರು ರಂಧ್ರಗಳ ಕಲ್ಲಿನ ಲಂಗರುಗಳು ಪತ್ತೆಯಾದವು. ಅಲೆಗಳ ಹೊಡೆತ ಹಾಗೂ ಮಸುಕು ನೀರಿನ ನಡುವೆ ಮುಳುಗುಗಾರರು ಪ್ರತಿ ವಸ್ತುವಿನ ಸ್ಥಾನವನ್ನು ಅಳೆದು, ಚಿತ್ರಿಸಿ ದಾಖಲಿಸಿದರು. ಸ್ಥಾನ ತಿಳಿಯದ ವಸ್ತುವಿಗೆ ಬೆಲೆಯಿದ್ದರೂ ಇತಿಹಾಸವಿಲ್ಲ ಎಂಬುದೇ ಈ ಶಾಸ್ತ್ರದ ಮೂಲಸೂತ್ರವಾಗಿದೆ.

ಈ ಅವಶೇಷಗಳು ಮಹಾಭಾರತದ ದ್ವಾರಕೆಯವೆಂದು ರಾವ್ ಅವರು ನಂಬಿದ್ದರು. ಅನಂತರದ ಅಧ್ಯಯನಗಳು ಇವುಗಳಲ್ಲಿ ಹಲವನ್ನು ಐತಿಹಾಸಿಕ ಹಾಗೂ ಮಧ್ಯಯುಗಕ್ಕೆ ಸೇರಿಸಿವೆ. ಕಾಲನಿರ್ಣಯದ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ, ಅವರು ರೂಢಿಗೆ ತಂದ ಕಾರ್ಯವಿಧಾನ ಉಳಿದುಬಂದಿದೆ. ಅವರು ಕಟ್ಟಿದ ಘಟಕದ ವಿಜ್ಞಾನಿಗಳು ಗೋವಾದ ಸುಂಚಿ ಬಂಡೆಸಾಲಿನ ಬಳಿ ಮುಳುಗಿದ್ದ ಪೋರ್ಚುಗೀಸ್ ಕಾಲದ ಹಡಗಿನಿಂದ ಆನೆದಂತ, ನೀರಾನೆಯ ಹಲ್ಲು, ಫಿರಂಗಿ ಮುಂತಾದವುಗಳನ್ನು ಬೆಳಕಿಗೆ ತಂದರು.

ಲೋಥಲ್, ದ್ವಾರಕೆ ಹಾಗೂ ಸಿಂಧೂ ಲಿಪಿಯ ಕುರಿತು ಗ್ರಂಥಗಳನ್ನು ರಚಿಸಿದ ರಾವ್ ಅವರು 2013ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ನಮ್ಮ ಕರಾವಳಿಗೆ ಸಂದೇಶ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕಿನ ಮಿರ್ಜಾನ ಒಂದು ಕಾಲಕ್ಕೆ ಮೆಣಸಿನ ವ್ಯಾಪಾರಕ್ಕೆ ಹೆಸರಾದ ಬಂದರುಗಳಾಗಿದ್ದವು. ಕತಗಾಲದಂತಹ ಒಳನಾಡಿನ ಊರುಗಳಿಂದ ಹಿಡಿದು ಕಡಲಂಚಿನವರೆಗಿನ ಸಾರ್ವಜನಿಕರು, ವಿಶೇಷವಾಗಿ ಮೀನುಗಾರ ಬಾಂಧವರು, ಹೊಳೆಯಲ್ಲಾಗಲಿ ಬಲೆಯಲ್ಲಾಗಲಿ ಪ್ರಾಚೀನ ವಸ್ತು ದೊರೆತಲ್ಲಿ ಅದನ್ನು ಕದಲಿಸದೆ ಅಥವಾ ದೊರೆತ ಸ್ಥಳವನ್ನು ಗುರುತಿಸಿಕೊಂಡು ತಹಶೀಲ್ದಾರರ ಗಮನಕ್ಕೆ ತರುವುದು ಈ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವವಾಗಿದೆ.