ನಮ್ಮ ಬಚ್ಚಲ ನಲ್ಲಿಗೆ ನೀರು ತಂದ ಡಾರ್ಸಿ

ಉಬ್ರಾಣಿಯ ನಮ್ಮ ಮನೇಲಿ ಬಚ್ಚಲ ನಲ್ಲಿ ಪೂರ್ತಿ ತಿರುಗಿಸಿದ್ರೂ ನೀರು ದಾರದಂಗೆ ಬರ್ತಿತ್ತು. ಬಕೆಟ್ ತುಂಬೋ ತನಕ ಅಜ್ಜಿ ಗೋಡೆ ಹಿಡ್ಕೊಂಡು ನಿಂತಿರೋರು. ಪ್ರೆಷರ್ ಪಂಪ್ ಹಾಕಿಸೋಣ ಅಂತ ಅಪ್ಪ ಹೊರಟಾಗ ನನಗೆ ನೆನಪಾಗಿದ್ದು, ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಡಾರ್ಸಿ-ವೈಸ್‌ಬಾಖ್ ಸೂತ್ರ. ಆ ಡಾರ್ಸಿ ಯಾರು ಅಂತ ಅವತ್ತೇ ಮೊದಲು ಓದಿದೆ.

ಹೆನ್ರಿ ಡಾರ್ಸಿ ಹುಟ್ಟಿದ್ದು 1803ರ ಜೂನ್ 10ರಂದು, ಫ್ರಾನ್ಸಿನ ಡಿಜಾನ್ ನಗರದಲ್ಲಿ. ಹದಿನಾಲ್ಕನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ಮಗನ ಓದು ನಿಲ್ಲೋಕೆ ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿ, ಸರ್ಕಾರಿ ನೌಕರಿ ಹಿಡಿದು ತಮ್ಮೂರಿಗೇ ಬಂದರು.

ಆ ಊರಲ್ಲಿ ಒಳ್ಳೆ ಕುಡಿಯೋ ನೀರೇ ಇರಲಿಲ್ಲ. ಡಾರ್ಸಿ 12 ಕಿ.ಮೀ.ಗೂ ಹೆಚ್ಚು ದೂರದ ರೋಸ್ವಾರ್ ಬುಗ್ಗೆಯಿಂದ ಮುಚ್ಚಿದ ಕಾಲುವೆ ಕಟ್ಟಿಸಿದರು. 1840ರ ಸೆಪ್ಟೆಂಬರಿನಲ್ಲಿ ನೀರು ಊರಿಗೆ ಬಂತು. ಆಮೇಲೆ ಬೀದಿ ಬೀದಿಗೂ ಪೈಪು, ನಲ್ಲಿ. ಒಂದೂ ಪಂಪ್ ಇಲ್ಲ, ಎಲ್ಲಾ ಎತ್ತರದ ಬಲದಿಂದಲೇ. ಇಷ್ಟು ಕೆಲಸಕ್ಕೆ ಬರಬೇಕಿದ್ದ ದೊಡ್ಡ ಸಂಭಾವನೆಯನ್ನು ಅವರು ಬೇಡವೆಂದರು. ಒಂದು ಪದಕ, ಜೀವನಪೂರ್ತಿ ಮನೆಗೆ ಉಚಿತ ನೀರು, ಅಷ್ಟನ್ನೇ ಒಪ್ಪಿಕೊಂಡರು.

1848ರ ಕ್ರಾಂತಿಯ ಗಲಾಟೆಯಲ್ಲಿ ಅವರು ಊರು ಬಿಡಬೇಕಾಯಿತು. ಮುಂದೆ ಪ್ಯಾರಿಸ್ಸಿನ ನೀರಿನ ಹೊಣೆ ಹೊತ್ತಾಗ ಕಬ್ಬಿಣ, ಸೀಸ, ಗಾಜಿನ ಪೈಪುಗಳಲ್ಲಿ, ಹೊಸದರಲ್ಲೂ ಹಳೇದರಲ್ಲೂ, ನೀರು ಹರಿಸಿ ಅಳೆದರು. ಪೈಪಿನ ಒಳಮೈ ಹೇಗಿದ್ದರೂ ಒಂದೇ ಅಂತ ಅಲ್ಲೀತನಕ ಲೆಕ್ಕ ಹಾಕ್ತಿದ್ದರು. ಅದು ತಪ್ಪು, ಒರಟು ಮೈ ನೀರಿನ ಬಲ ತಿಂದುಹಾಕುತ್ತೆ ಅಂತ ಡಾರ್ಸಿ ತೋರಿಸಿಕೊಟ್ಟರು. ಆರೋಗ್ಯ ಕೆಟ್ಟು 1855ರಲ್ಲಿ ಕೆಲಸದ ಭಾರ ಇಳಿಸಿದ ಮೇಲೂ ಸುಮ್ಮನೆ ಕೂರಲಿಲ್ಲ. ಮರಳಿನ ಮೂಲಕ ನೀರು ಇಳಿಯೋ ಪ್ರಯೋಗ ಮಾಡಿ, ಇಂದಿಗೂ ಅಂತರ್ಜಲ ಶಾಸ್ತ್ರಕ್ಕೆ ಬುನಾದಿಯಾಗಿರೋ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ಮರುವರ್ಷ ಪೈಪುಗಳ ಪುಸ್ತಕ ಬಂತು. 1858ರ ಜನವರಿ 3ರಂದು, 54ನೇ ವಯಸ್ಸಿಗೆ ತೀರಿಕೊಂಡರು. ಡಿಜಾನ್‌ನ ಒಂದು ದೊಡ್ಡ ವೃತ್ತಕ್ಕೆ ಈಗಲೂ ಅವರದೇ ಹೆಸರು.

ಈಗ ನಮ್ಮ ಬಚ್ಚಲಿಗೆ ಬರೋಣ. ಟ್ಯಾಂಕ್ ನಲ್ಲಿಗಿಂತ ಮೂರು ಮೀಟರ್ ಮೇಲಿದೆ. ಮೀಟರಿಗೆ ಸುಮಾರು 0.1 ಬಾರ್ ಅಂದ್ರೆ ಸಿಗೋ ಒತ್ತಡ ಒಟ್ಟು 0.3 ಬಾರ್. ಈ ಚಿಲ್ಲರೆ ಒತ್ತಡಾನ ಹಳೇ ಅರ್ಧ ಇಂಚಿನ ಜಿ.ಐ. ಪೈಪ್ ದಾರೀಲೇ ನುಂಗ್ತಿತ್ತು. ಕೊಯ್ದು ನೋಡಿದ್ರೆ ಬೋರ್‌ವೆಲ್ ಗಡಸು ನೀರಿನ ಸುಣ್ಣ, ತುಕ್ಕು ಸೇರಿ ಪೆನ್ಸಿಲ್ ತೂರೋಷ್ಟೇ ಜಾಗ! ಅಷ್ಟೇ ನೀರು ಅರ್ಧ ವ್ಯಾಸದ ಪೈಪಲ್ಲಿ ಹೋಗಬೇಕಂದ್ರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟು.

ಟ್ಯಾಂಕಿಂದ ಬಚ್ಚಲಿಗೇ ಬೇರೆ ಒಂದು ಇಂಚಿನ ಸಿಪಿವಿಸಿ ಲೈನ್ ಎಳೆಸಿದ್ವಿ, ಬೇಡದ ಎಲ್ಬೋ ತೆಗೆಸಿದ್ವಿ. ಪಂಪ್ ಬೇಕಾಗಲೇ ಇಲ್ಲ. ಈಗ ಅಜ್ಜಿ ಗೋಡೆ ಹಿಡ್ಕೊಳ್ಳೋದ್ರೊಳಗೆ ಬಕೆಟ್ ತುಂಬಿರ್ತದೆ.