ಕರ್ನಲ್ ಮೆಕೆಂಜಿಯ ಬಿಡಾರ

ಹಳೆಯ ಮೈಸೂರು ಸೀಮೆಯ ಹಳ್ಳಿಗಳನ್ನು ಬಲ್ಲವರಿಗೆ ಗುಂಡುತೋಪು ಎಂದರೇನೆಂದು ವಿವರಿಸಬೇಕಾಗಿಲ್ಲ. ಊರ ಹೊರಗೆ, ಹೊಳೆಯ ದಂಡೆಯಲ್ಲೋ ಕೆರೆಯ ಏರಿಯ ಕೆಳಗೋ, ಮಾವು, ಹೊಂಗೆ, ಹುಣಿಸೆ, ನೇರಳೆಗಳು ಒತ್ತಾಗಿ ಬೆಳೆದು ನಿಂತ ಒಂದು ತುಂಡು ನೆಲ ಅದು. ಒಬ್ಬರ ಸ್ವತ್ತಲ್ಲ, ಊರಿನದು. ಜಾತ್ರೆಗೆ ಹೊರಟ ಗಾಡಿಗಳು ಅಲ್ಲಿ ಕೊರಳು ಬಿಚ್ಚುತ್ತಿದ್ದವು. ಯಾತ್ರಿಕರು ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ದಂಡು ಬಂದರೆ ದಂಡು, ಸವಾರಿ ಬಂದರೆ ಸವಾರಿ, ಎಲ್ಲಕ್ಕೂ ಅದೇ ನೆರಳು, ಅದೇ ನೀರು. ಇಂದು ಪಟ್ಟಣದ ಜನ ಬಿಡುವು ಸಿಕ್ಕಾಗ ಹೊಳೆಯ ಬದಿಯಲ್ಲಿ ಡೇರೆ ಹೊಡೆದು ಒಂದೆರಡು ರಾತ್ರಿ ಕಳೆದು ಬರುವುದನ್ನು ವಿಹಾರವೆನ್ನುತ್ತಾರೆ. ಒಳ್ಳೆಯದೇ. ಆದರೆ ಇನ್ನೂರು ವರ್ಷಗಳಿಗೂ ಹಿಂದೆ, ಇದೇ ಸೀಮೆಯಲ್ಲಿ, ವಿಹಾರಕ್ಕಲ್ಲದೆ ಕೆಲಸಕ್ಕಾಗಿ ವರ್ಷಗಟ್ಟಲೆ ಡೇರೆಯಲ್ಲಿ ಬಾಳಿದ ಒಬ್ಬನಿದ್ದ. ಆ ಡೇರೆಯ ಬಾಗಿಲಲ್ಲಿ ನಮ್ಮ ಹಳ್ಳಿಗರು ಕುಳಿತು ಹೇಳಿದ ಮಾತು ಬರಹಕ್ಕಿಳಿಯದೆ ಹೋಗಿದ್ದರೆ ಕನ್ನಡ ನಾಡಿನ ಚರಿತ್ರೆಯ ಹಲವು ಪುಟಗಳು ಖಾಲಿಯಾಗಿಯೇ ಉಳಿಯುತ್ತಿದ್ದುವು. ಅವನು ಕರ್ನಲ್ ಕಾಲಿನ್ ಮೆಕೆಂಜಿ.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ಸಣ್ಣ ಬಂದರಿನಲ್ಲಿ. ತಂದೆ ವ್ಯಾಪಾರಿ. ಮಗ ಮೊದಲು ಅದೇ ಊರಿನ ಸುಂಕದ ಕಟ್ಟೆಯಲ್ಲಿ ನೌಕರಿ ಮಾಡಿದ. ಗಣಿತದಲ್ಲಿ ಅವನಿಗಿದ್ದ ಆಸಕ್ತಿ ದೊಡ್ಡವರ ಕಣ್ಣಿಗೆ ಬಿತ್ತು. ಲಾಗರಿದಮ್ ಗಣಿತವನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶದ ಲಾರ್ಡ್ ನೇಪಿಯರ್ ತನ್ನ ಪೂರ್ವಿಕನ ಚರಿತ್ರೆಯನ್ನು ಬರೆಯಬೇಕೆಂದಿದ್ದ. ಹಿಂದೂಗಳ ಗಣಿತದ ವಿಷಯ ಸಂಗ್ರಹಿಸಲು ಈ ತರುಣನ ನೆರವು ಪಡೆದ. ಆ ಚರಿತ್ರೆ ಪೂರ್ಣವಾಗಲಿಲ್ಲ. ಭಾರತದ ಕಡೆಗಿನ ಕುತೂಹಲ ಮಾತ್ರ ತರುಣನಲ್ಲಿ ನಿಂತಿತು. 1783ರಲ್ಲಿ, ಮೂವತ್ತರ ಹತ್ತಿರದ ವಯಸ್ಸಿನಲ್ಲಿ, ಅವನು ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದಿಳಿದ. ನೇಪಿಯರನ ಮಗಳು ಆಗ ಮಧುರೆಯಲ್ಲಿದ್ದಳು. ಅಲ್ಲಿನ ಪಂಡಿತರ ಪರಿಚಯ ಅವನಿಗಾದದ್ದು ಅವಳ ಮನೆಯಲ್ಲಿ. ಮತ್ತೆ ಅವನು ತಾಯ್ನಾಡಿಗೆ ಹಿಂದಿರುಗಲೇ ಇಲ್ಲ.

ಇಂಜಿನಿಯರ್ ಅಧಿಕಾರಿಯಾಗಿ ಅವನು ಮೊದಲು ಈ ಸೀಮೆಗೆ ಬಂದದ್ದು ಮಿತ್ರನಾಗಿ ಅಲ್ಲ. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಅವನಿದ್ದ. 1799ರ ಕೊನೆಯ ಮುತ್ತಿಗೆಯಲ್ಲಿಯೂ ಇದ್ದ. ಆ ವರ್ಷ ಕಾವೇರಿಯ ದಂಡೆಯ ತೋಪುಗಳೆಲ್ಲ ರಣರಂಗಗಳಾಗಿದ್ದುವು. ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನ ಕತ್ತಲೆಯಲ್ಲಿ, ಮುಂದೆ ವೆಲಿಂಗ್ಟನ್ ಎಂದು ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೇ ದಿಕ್ಕುಗೆಟ್ಟು ಹಿಮ್ಮೆಟ್ಟಬೇಕಾಯಿತು. ಮೇ 4ರಂದು ಕೋಟೆ ಬಿತ್ತು. ಟಿಪ್ಪು ಸುಲ್ತಾನ ಮಡಿದ. ರಾಜ್ಯ ಕೈಗೆ ಬಂದ ಮೇಲೆ ಅದರ ಉದ್ದಗಲ ಎಷ್ಟು, ಕೆರೆಯೆಷ್ಟು, ಊರೆಷ್ಟು ಎಂಬುದನ್ನು ಗೆದ್ದವರು ತಿಳಿಯಬೇಕಾಗಿತ್ತು. ಬೇಸಾಯವನ್ನೂ ಜನಜೀವನವನ್ನೂ ನೋಡಿ ಬರೆಯಲು ಫ್ರಾನ್ಸಿಸ್ ಬುಕಾನನ್, ಭೂಮಿಯ ತ್ರಿಕೋನಗಳನ್ನು ಅಳೆಯಲು ವಿಲಿಯಂ ಲ್ಯಾಂಬ್ಟನ್, ಇಡೀ ಮೈಸೂರು ದೇಶದ ಮೋಜಣಿಗೆ ಮೆಕೆಂಜಿ, ಹೀಗೆ ಮೂವರು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಟರು. ಆದ್ದರಿಂದ ಮೆಕೆಂಜಿಯ ಡೇರೆಯನ್ನು ಋಷಿಯ ಪರ್ಣಶಾಲೆಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅದು ಗೆದ್ದ ಸರ್ಕಾರದ ಡೇರೆ. ಅದರೊಳಗೆ ಸೇರಿದ ತಿಳಿವಳಿಕೆ ಸೈನ್ಯಕ್ಕೂ ಕಂದಾಯಕ್ಕೂ ಉಪಯೋಗವಾಗತಕ್ಕದ್ದು.

ಆದರೆ ಸರ್ಕಾರ ಕೇಳಿದ್ದಕ್ಕಿಂತ ಹೆಚ್ಚನ್ನು ಈ ಮನುಷ್ಯ ಕೇಳಿದ. ಸುಮಾರು 40,000 ಚದರ ಮೈಲಿಯ ನಾಡನ್ನು ಅವನ ತಂಡ ಏಳೆಂಟು ವರ್ಷ ಅಲೆದು ಅಳೆಯಿತು. ಕೈಗೆ ಸಹಾಯಕರು ಕೆಲವರೇ. ಕೆಲಸ ಆರಂಭವಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲ, ಆಗಲೇ ವಿಲಾಯಿತಿಯ ಯಜಮಾನರು ಖರ್ಚನ್ನು ತಗ್ಗಿಸಿದರು. ಕಾಡುಸೀಮೆಯ ಚಳಿಜ್ವರ ಅವನನ್ನು ಹಿಡಿಯಿತು. ಆದರೂ ಗಡಿರೇಖೆ, ಬೆಟ್ಟ, ಹೊಳೆ, ದಾರಿಗಳನ್ನು ನಕ್ಷೆಗೆ ತರುವುದರ ಜೊತೆಗೆ ಅವನು ಇನ್ನೊಂದು ಪ್ರಶ್ನಾವಳಿಯನ್ನು ಹಿಡಿದು ತಿರುಗಿದ. ಈ ಊರಿಗೆ ಈ ಹೆಸರು ಹೇಗೆ ಬಂತು? ಈ ಕೆರೆಯನ್ನು ಕಟ್ಟಿಸಿದವರು ಯಾರು? ಈ ಗುಡಿಗೆ ಉಂಬಳಿ ಬಿಟ್ಟ ದೊರೆ ಯಾರು? ಪಾಳೆಯಗಾರರ ವಂಶ ಎಲ್ಲಿಂದ ಬಂತು? ಆ ಕಲ್ಲಿನ ಮೇಲೆ ಏನು ಬರೆದಿದೆ? ಇವುಗಳಿಗೆ ದೊರೆತ ಉತ್ತರಗಳೇ ಕೈಫಿಯತ್ತುಗಳು.

ಇಂಥ ಪ್ರಶ್ನೆಗಳಿಗೆ ಕುದುರೆಯ ಮೇಲೆ ಕುಳಿತವನಿಗೆ ಉತ್ತರ ಸಿಕ್ಕುವುದಿಲ್ಲ. ದಾರಿಹೋಕನಿಗೆ ಹಳ್ಳಿಗ ದಾರಿಯನ್ನು ಮಾತ್ರ ತೋರಿಸುತ್ತಾನೆ. ತೋಪಿನಲ್ಲಿ ಇಳಿದು, ಒಲೆ ಹೂಡಿ, ನಾಲ್ಕು ದಿನ ಅಲ್ಲೇ ಇದ್ದವನಿಗೆ ಮಾತ್ರ ಊರಿನ ಹಿರಿಯ ಒಂದು ಸಂಜೆ ಬಂದು ಕೂರುತ್ತಾನೆ. ಮೊದಲು ಮಳೆಬೆಳೆ, ಅನಂತರ ಕೆರೆಯ ಕಥೆ, ಕೊನೆಗೆ ಪೆಟ್ಟಿಗೆಯಲ್ಲಿರುವ ತಾಮ್ರಪಟದ ಸಂಗತಿ. ಅದೂ ಸುಲಭವಾಗಿ ಅಲ್ಲ. ಶಾಸನವನ್ನು ತೋರಿಸಿದರೆ ಇನಾಂ ಭೂಮಿ ಹೋದೀತೆಂಬ ಭಯ ಜನಕ್ಕಿತ್ತು. ಆ ಭಯ ನಿರಾಧಾರವೂ ಅಲ್ಲ. ಅದನ್ನು ಗೆದ್ದು ಅವರ ಬಾಯಿ ಬಿಡಿಸಿದವನು ಮೆಕೆಂಜಿಯಲ್ಲ. ಅವನಿಗೆ ಈ ನಾಡಿನ ಭಾಷೆಗಳು ಕೈವಶವಾಗಿರಲಿಲ್ಲ. ಡೇರೆಗೂ ಊರಿಗೂ ನಡುವೆ ಓಡಾಡಿದವರು ಬೇರೆ ಕೆಲವರು. ಅವರ ಹೆಸರುಗಳನ್ನು ಎತ್ತಿ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲನೆಯವನು ಕಾವಲಿ ವೆಂಕಟ ಬೊರ್ರಯ್ಯ. ಏಲೂರಿನ ತೆಲುಗು ಬ್ರಾಹ್ಮಣ. 1796ರಲ್ಲಿ ಮೆಕೆಂಜಿಯ ಬಳಿ ಸೇರಿದ. ಜನರನ್ನು ಒಲಿಸಿಕೊಂಡು ವಿಷಯವನ್ನು ಹೊರತೆಗೆಯುವ ಕಲೆ ಅವನಿಗೆ ಸಹಜವಾಗಿತ್ತು. ತನಗೆ ಭಾರತೀಯ ವಿದ್ಯೆಯ ಬಾಗಿಲನ್ನು ತೆರೆದವನು ಅವನೇ ಎಂದು ಮೆಕೆಂಜಿ ಮುಂದೆ ಕೃತಜ್ಞತೆಯಿಂದ ಒಪ್ಪಿಕೊಂಡಿದ್ದಾನೆ. ಆದರೆ 1803ರಲ್ಲಿ, ಮೂವತ್ತು ತುಂಬುವ ಮೊದಲೇ, ಬೊರ್ರಯ್ಯ ತೀರಿಕೊಂಡ. ಜೈನರನ್ನು ಕುರಿತು ಅವನು ಸಂಗ್ರಹಿಸಿ ಅನುವಾದಿಸಿದ ಬರಹ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಗಿ ಬಂದಾಗ ಅವನು ಈ ಲೋಕದಲ್ಲಿರಲಿಲ್ಲ. ಅಣ್ಣನ ಸ್ಥಾನಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಉಳಿದ ಕೆಲಸದ ಭಾರವೆಲ್ಲ ಅವನ ಹೆಗಲಿಗೆ ಬಿತ್ತು. ಹಳಗನ್ನಡ ಶಾಸನಗಳನ್ನು ಓದಿ ಹೇಳಲು ನಮ್ಮ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ದೊರೆತ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಲೆಯೂರಿನ ಹೆಸರು ಇನ್ನೊಂದು ಕಾರಣದಿಂದ ಪರಿಚಿತ. ಅಲ್ಲಿನ ಬೆಟ್ಟವೇ ಕನಕಗಿರಿ. ರಾಜಾವಳೀಕಥೆಯ ಕರ್ತೃ ದೇವಚಂದ್ರ ಅಲ್ಲಿಯವನು. 1804ರಲ್ಲಿ ಮೆಕೆಂಜಿ ಲಕ್ಷ್ಮಯ್ಯನೊಡನೆ ಕನಕಗಿರಿಗೆ ಬಂದು ಸ್ಥಳಪುರಾಣವನ್ನು ವಿಚಾರಿಸಿದಾಗ ಹೇಳಲು ಮುಂದೆ ಬಂದವನು ದೇವಚಂದ್ರ. ಅವನ ಮಾತಿನಿಂದ ಸಂತುಷ್ಟನಾದ ಮೆಕೆಂಜಿ ಅವನನ್ನು ತನ್ನ ಬಿಡಾರದೊಡನೆ ಕರೆದುಕೊಂಡು ಹೋದ. ಎರಡು ತಿಂಗಳು ಜೊತೆಯಲ್ಲಿದ್ದು ತಿಳಿದದ್ದನ್ನೆಲ್ಲ ಹೇಳಿದ ಕವಿಗೆ 25 ರೂಪಾಯಿ ಕೊಟ್ಟು ಬೀಳ್ಕೊಟ್ಟ. ಇದನ್ನು ದೇವಚಂದ್ರನೇ ಹೇಳಿಕೊಂಡಿದ್ದಾನೆ.

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ವಿದ್ಯಾರ್ಥಿಗಳನ್ನು ಒಂದು ಕ್ಷಣ ಅಲ್ಲಿ ನಿಲ್ಲಿಸುತ್ತೇನೆ. ಬಸದಿಯ ಬೆಟ್ಟದ ಕೆಳಗೆ ಬೆಳೆದ ಒಬ್ಬ ಪಂಡಿತ, ಕಡಲಾಚೆಯ ಒಬ್ಬ ಸೈನಿಕ, ನಡುವೆ ಮಾತನ್ನು ದಾಟಿಸುವ ಒಬ್ಬ ತೆಲುಗನಾಡಿನವನು. ದೇವಚಂದ್ರನಿಗೆ ಆಗ ಮೂವತ್ತು ದಾಟಿದ ವಯಸ್ಸು. ತನ್ನ ಊರಿನ ಬೆಟ್ಟದ ಕಥೆ, ತಾನು ಬಾಲ್ಯದಿಂದ ಕೇಳಿದ ಆಚಾರ್ಯರ ಕಥೆ, ಹೊರಗಿನವನೊಬ್ಬ ಬಂದು ಬರೆದುಕೊಳ್ಳುವಷ್ಟು ಬೆಲೆಯುಳ್ಳದ್ದೆಂದು ಅವನಿಗೆ ಆ ಎರಡು ತಿಂಗಳಲ್ಲಿ ಮನವರಿಕೆಯಾಗಿರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1838ರಲ್ಲಿ, ಅವನು ರಾಜಾವಳೀಕಥೆಯನ್ನು ಬರೆದ. ಅದರಲ್ಲಿ ಪುರಾಣವೂ ಇತಿಹಾಸವೂ ಬೆರೆತು ಬಿಡಿಸಲಾರದಂತಿವೆ, ನಿಜ. ಆದರೂ ಭದ್ರಬಾಹು ಮತ್ತು ಚಂದ್ರಗುಪ್ತರ ಶ್ರವಣಬೆಳಗೊಳದ ಐತಿಹ್ಯವನ್ನು ವಿಚಾರಿಸುವಾಗ ಬಿ. ಎಲ್. ರೈಸ್ ಮೊದಲಾದವರು ಅದರ ಕಡೆಗೆ ತಿರುಗಬೇಕಾಯಿತು. ಆ ಗ್ರಂಥದ ಬೀಜ ಡೇರೆಯಲ್ಲಿ ಬಿತ್ತೆಂದು ನಾನು ಸಾಧಿಸಲು ಹೊರಟಿಲ್ಲ. ಆದರೆ ಕೇಳುವವನೊಬ್ಬ ದೊರೆತದ್ದರಿಂದ ಹೇಳುವವನಲ್ಲಿ ಹುಟ್ಟುವ ಧೈರ್ಯವನ್ನು ಅಧ್ಯಾಪಕರಾದ ನಾವು ಬಲ್ಲೆವು.

ಮೈಸೂರಿನ ಮೋಜಣಿಯ ವರದಿಗಳು ಏಳು ದೊಡ್ಡ ಸಂಪುಟಗಳಾದುವು. ನಮ್ಮ ಹಳ್ಳಿಗರು ದಿನವೂ ನೋಡುತ್ತಿದ್ದ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಚರಿತ್ರೆಯ ಬೆಲೆಯಿದೆಯೆಂದು ಗುರುತಿಸಿದ ಮೊದಲಿಗರಲ್ಲಿ ಮೆಕೆಂಜಿ ಒಬ್ಬ. ತುಂಗಭದ್ರೆಯ ದಂಡೆಯ ಹಂಪೆಯ ಅವಶೇಷಗಳನ್ನು ಮೊಟ್ಟಮೊದಲು ನಕ್ಷೆಗಿಳಿಸಿದ ಕೀರ್ತಿಯೂ ಅವನದೇ. ಕೃಷ್ಣೆಯ ದಂಡೆಯ ಅಮರಾವತಿಯ ಬೌದ್ಧಸ್ತೂಪ ವಿದ್ವಾಂಸರ ಗಮನಕ್ಕೆ ಬಂದದ್ದು ಅವನಿಂದ. 1811ರಿಂದ 1813ರವರೆಗೆ ಜಾವಾ ದ್ವೀಪದಲ್ಲಿದ್ದ. ಅಲ್ಲಿಯೇ 1812ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಮದುವೆಯಾದ. 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಪದವಿ ಬಂತು. ಆ ಪದವಿಗೆ ನೇಮಕವಾದವರಲ್ಲಿ ಅವನೇ ಮೊದಲಿಗ. 1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅವನ ಪಟವೊಂದಿದೆ. ಕೆಂಪು ಅಂಗಿಯ ಮೆಕೆಂಜಿಯ ಸುತ್ತ ಮೂವರು ನಿಂತಿದ್ದಾರೆ: ಲಕ್ಷ್ಮಯ್ಯ, ಓಲೆಗರಿ ಹಿಡಿದ ಧರ್ಮಯ್ಯ, ದುರ್ಬೀನು ಹಿಡಿದ ಜವಾನ ಕೃಷ್ಣಾಜಿ. ದೂರದಲ್ಲಿ ಬೆಟ್ಟದ ಮೇಲೊಂದು ಗೊಮ್ಮಟಮೂರ್ತಿ. ತನ್ನ ಚಿತ್ರದಲ್ಲಿ ತನ್ನೊಬ್ಬನನ್ನೇ ಬರೆಯಿಸಿಕೊಳ್ಳದ ಆ ಒಂದು ಗುಣಕ್ಕಾಗಿ ನಾನು ಅವನನ್ನು ಗೌರವಿಸುತ್ತೇನೆ.

ಕಲ್ಕತ್ತೆಗೆ ಹೋದ ಮೇಲೆ ಅವನಿಗೆ ಆರೋಗ್ಯ ಒಗ್ಗಲಿಲ್ಲ. ಸಂಗ್ರಹವನ್ನೆಲ್ಲ ವಿಂಗಡಿಸಿ ವ್ಯವಸ್ಥಿತವಾದ ಸೂಚಿಯೊಂದನ್ನು ಸಿದ್ಧಪಡಿಸುವ ಆಸೆಯಿತ್ತು, ಪುರಸತ್ತು ದೊರೆಯಲಿಲ್ಲ. 1821ರ ಮೇ 8ರಂದು, ಕಡಲಗಾಳಿಗೆಂದು ಹೂಗ್ಲಿ ನದಿಯಲ್ಲಿ ಹೋಗುತ್ತಿದ್ದಾಗ ದಾರಿಯಲ್ಲೇ ಪ್ರಾಣ ಹೋಯಿತು. ಸರ್ಕಾರ ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ಸೂಚಿಯನ್ನು ಪ್ರಕಟಿಸಿದ. ಅವನ ಲೆಕ್ಕದಂತೆ 1,568 ಗ್ರಂಥಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು, ಸ್ಥಳವೃತ್ತಾಂತಗಳು ಬೇರೆ. ಒಬ್ಬನ ಆಯುಷ್ಯದಲ್ಲಿ ಓದಿ ಮುಗಿಸಲಾಗದಷ್ಟನ್ನು ಅವನು ಕೂಡಿಟ್ಟಿದ್ದ.

ಇನ್ನುಳಿದದ್ದು ಲಕ್ಷ್ಮಯ್ಯನ ಕಥೆ. ಯಜಮಾನ ಸತ್ತ ಮೇಲೆ ಬಿಡಾರ ಎದ್ದಿತು. ಅವನ ಮನಸ್ಸು ಮಾತ್ರ ಅಲ್ಲೇ ಉಳಿಯಿತು. ಹುಡುಕಬೇಕಾದದ್ದು ಇನ್ನೂ ಎಷ್ಟೋ ಇದೆ, ನಿಂತ ಕೆಲಸವನ್ನು ಮುಂದುವರಿಸಲು ತನಗೆ ಅವಕಾಶ ಕೊಡಬೇಕೆಂದು ಅವನು ಸರ್ಕಾರಕ್ಕೆ ಅರಿಕೆ ಮಾಡಿಕೊಂಡ. ಅಭಿಪ್ರಾಯ ಕೇಳಿದಾಗ, 1836ರಲ್ಲಿ, ಕಲ್ಕತ್ತೆಯ ವಿದ್ವಾಂಸರ ಸಮಿತಿ ಒಪ್ಪಲಿಲ್ಲ. ಅದರಲ್ಲಿ ಬ್ರಾಹ್ಮೀಲಿಪಿಯನ್ನು ಓದಿ ಕೀರ್ತಿ ಪಡೆದ ಜೇಮ್ಸ್ ಪ್ರಿನ್ಸೆಪ್‌ನೂ ಇದ್ದ. ಬರಿಯ ಸಂಗ್ರಾಹಕನಾಗಿ ಅವನು ಸರಿ; ವಿವೇಚಿಸಿ ಬರೆಯುವ ಯೋಗ್ಯತೆ ದೇಶೀಯನಿಗಿಲ್ಲ ಎಂಬುದು ಆ ತೀರ್ಮಾನದ ತಾತ್ಪರ್ಯ. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಯ ಕೈಗೆ ಹೋಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಊರೂರ ಮಾತನ್ನು ಕಿವಿಯಲ್ಲಿ ತುಂಬಿಕೊಂಡಿದ್ದವನು ಬಾಗಿಲ ಹೊರಗೆ ನಿಂತ. ಮೆಕೆಂಜಿಯ ಡೇರೆಯಲ್ಲಿ ಅವನಿಗೆ ಇದ್ದ ಸ್ಥಾನ ಕಲ್ಕತ್ತೆಯ ಸಭಾಂಗಣದಲ್ಲಿ ಇರಲಿಲ್ಲ.

ಕನ್ನಡದ ಕೈಫಿಯತ್ತುಗಳು ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಬಹುಕಾಲ ಕಟ್ಟು ಬಿಚ್ಚದೆ ಕುಳಿತಿದ್ದುವು. 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪೆಯ ಕನ್ನಡ ವಿಶ್ವವಿದ್ಯಾಲಯ ಅವನ್ನು ದೊಡ್ಡ ಸಂಪುಟವಾಗಿ ಹೊರತಂದಿತು. ತಮ್ಮ ಊರಿನ ಸುತ್ತಮುತ್ತಲ ಹೆಸರುಗಳನ್ನು ಅದರಲ್ಲಿ ಹುಡುಕಿ ನೋಡಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅದರ ಭಾಷೆ ಪಂಡಿತರದಲ್ಲ. ಮರಾಠಿ, ಪಾರಸಿ ಮಾತುಗಳು ಬೆರೆತ ಕಚೇರಿಯ ಕನ್ನಡ. ಹೇಳಿದ್ದೆಲ್ಲ ನಿಜವೂ ಅಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಒಂದು ಊರು ತನ್ನನ್ನು ತಾನು ಏನೆಂದು ತಿಳಿದಿತ್ತು ಎಂಬುದು ಅಲ್ಲಿದೆ, ಶಾಸನದಲ್ಲಿಯೂ ಸಿಗದಂಥದು.

ಮೈಸೂರಿನ ಸುತ್ತ ಕಾವೇರಿ, ಕಪಿಲೆಗಳ ದಂಡೆಯಲ್ಲಿ ಇನ್ನೂ ಕೆಲವು ತೋಪುಗಳು ಉಳಿದಿವೆ. ಹಲವು ಹೋದುವು, ಕೆಲವಕ್ಕೆ ಕಟ್ಟಡ ಬಂತು, ಕೆಲವನ್ನು ಹೊಲ ನುಂಗಿತು. ರಜೆಯಲ್ಲಿ ಡೇರೆ ಕಟ್ಟಿಕೊಂಡು ಅತ್ತ ಹೊರಡುವ ತರುಣರಿಗೆ ನನ್ನದೊಂದು ವಿನಂತಿ. ನದಿಯನ್ನು ನೋಡಿ, ನಕ್ಷತ್ರಗಳನ್ನು ನೋಡಿ. ಜೊತೆಗೆ ಊರೊಳಗೆ ಹೋಗಿ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಹೇಳಿದವರ ಹೆಸರಿನೊಡನೆ ಬರೆದುಕೊಂಡು ಬನ್ನಿ. ಮೆಕೆಂಜಿಗೆ ದುಭಾಷಿಗಳು ಬೇಕಾಗಿದ್ದರು. ನಿಮಗೆ ಆ ತೊಂದರೆಯೂ ಇಲ್ಲ.